ವ್ಯಾಪಾರಿ ಬರುವ ಮೊದಲೇ ಬೀಜದ ಬೆಳ್ಳುಳ್ಳಿ ಎತ್ತಿಡಿ

ಬೆಳ್ಳುಳ್ಳಿಯ ಇಳುವರಿ ಏಕೆ ಏರುತ್ತಿಲ್ಲವೆಂದು ಕೇಳುವ ಹಾವೇರಿ, ಗದಗ ಭಾಗದ ಸಣ್ಣ ರೈತರು ನನ್ನಿಂದ ಸಾಮಾನ್ಯವಾಗಿ ಯಾವುದಾದರೊಂದು ಗೊಬ್ಬರದ ಅಥವಾ ಔಷಧದ ಹೆಸರನ್ನು ನಿರೀಕ್ಷಿಸಿರುತ್ತಾರೆ. ನಾನಾದರೋ ಬೀಜಕ್ಕಿಟ್ಟ ಗಡ್ಡೆಗಳನ್ನು ತೋರಿಸಿ ಎನ್ನುತ್ತೇನೆ. ದಪ್ಪ ಗಡ್ಡೆಗಳೆಲ್ಲ ಪೇಟೆಗೆ ಹೋಗಿ, ಮಾರಾಟವಾಗದೆ ಉಳಿದವೇ ಅಲ್ಲಿ ಹೆಚ್ಚಾಗಿ ಕಾಣುತ್ತವೆ. ಬೆಳ್ಳುಳ್ಳಿಯ ವಂಶ ಮುಂದುವರಿಯುವುದು ಎಸಳಿನಿಂದಲೇ ಆದ್ದರಿಂದ ತಾಯಿಗಡ್ಡೆಯಲ್ಲಿದ್ದ ನಂಜುರೋಗವೂ (ವೈರಸ್ ರೋಗ) ಅದರೊಂದಿಗೇ ಮರುವರ್ಷದ ಹೊಲಕ್ಕೆ ಬರುತ್ತದೆ. ನಂಜು ತಗುಲಿದ ಗಿಡದ ಗಡ್ಡೆ ಸಣ್ಣದಾಗುತ್ತದೆ. ಸಣ್ಣ ಗಡ್ಡೆಯನ್ನೇ ಬೀಜಕ್ಕಿಟ್ಟರೆ ರೋಗವನ್ನು ನಾವೇ ಆರಿಸಿ ಬಿತ್ತಿದಂತೆ.

ಬೆಳೆ ಹಸಿರಾಗಿರುವಾಗಲೇ ಎಲೆಗಳಲ್ಲಿ ನಂಜಿನ ಕುರುಹಾದ ಹಳದಿ ಗೆರೆಗಳಿಲ್ಲದ, ಹುಲುಸಾದ ಗಿಡಗಳ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡಿಕೊಂಡು, ಕಿತ್ತ ಮೇಲೆ ಅವುಗಳ ದಪ್ಪ, ಗಟ್ಟಿ ಗಡ್ಡೆಗಳನ್ನು ಎಲೆಸಮೇತ ಕಟ್ಟಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಎಸಳು ಬಿಡಿಸುವುದು ನಾಟಿಯ ಹಿಂದಿನ ದಿನದ ಕೆಲಸ. ಒಂದು ಮನೆಯಲ್ಲಿ ಹಿರಿಯರೊಬ್ಬರು ಮೊರದ ಮುಂದೆ ಕುಳಿತು ಪ್ರತಿ ಎಸಳನ್ನೂ ಹೆಬ್ಬೆರಳಿನ ಉಗುರಿನ ಮೇಲಿಟ್ಟು, ಉಗುರನ್ನು ಮುಚ್ಚದ ಎಸಳನ್ನು ಅಡುಗೆಯ ಬುಟ್ಟಿಗೆ ಎಸೆಯುತ್ತಿದ್ದರು. 8ರಿಂದ 10 ಮಿಲಿಮೀಟರ್ ದಪ್ಪದ ಎಸಳು ಬೇಕೆಂಬ ಶಿಫಾರಸನ್ನು ಅದಕ್ಕಿಂತ ಸರಳವಾಗಿ ನಾನು ಹೇಳಲಾರೆ. ಸಿಪ್ಪೆ ಸುಲಿಯಬಾರದು, ಬೇರೊಡೆಯುವ ತಳಭಾಗಕ್ಕೆ ಪೆಟ್ಟಾಗಬಾರದು.

ಸಾಲಿನಿಂದ ಸಾಲಿಗೆ 15, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಗುಂಟೆಗೆ ಸುಮಾರು 6,700 ಎಸಳು ಹಿಡಿಯುತ್ತವೆ. ಗಡ್ಡೆಯೊಂದಕ್ಕೆ ಬರೀ 5 ಗ್ರಾಂ ತೂಕ ಹೆಚ್ಚಿದರೂ ಗುಂಟೆಗೆ 30 ಕಿಲೋಗೂ ಹೆಚ್ಚು ಲಾಭ ಎಂಬ ಲೆಕ್ಕವನ್ನು ರೈತರ ಎದುರೇ ಹಾಕಿ ತೋರಿಸಿದಾಗ ಔಷಧದ ಮಾತು ತುಸು ಹಿಂದೆ ಸರಿಯುತ್ತದೆ.

ಗೊಬ್ಬರದ ವಿಷಯದಲ್ಲಿ ನನ್ನ ತಕರಾರು ಒಂದೇ. ರಂಜಕಕ್ಕೆಂದು ಹಾಕುವ ಡಿಎಪಿ ಗೊಬ್ಬರದಲ್ಲಿ ಗಂಧಕವಿಲ್ಲ, ಅದೇ ರಂಜಕ ಕೊಡುವ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿದೆ. ಬೆಳ್ಳುಳ್ಳಿಯ ಘಾಟು ಹುಟ್ಟುವುದೇ ಗಂಧಕದಿಂದ. ಯೂರಿಯಾವನ್ನು ನಾಟಿಯಾದ 45 ದಿನಗಳೊಳಗೆ ಕೊಟ್ಟು ಮುಗಿಸಬೇಕು, ತಡವಾಗಿ ಸುರಿದರೆ ಎಳೆಯ ಎಸಳುಗಳೇ ಮತ್ತೆ ಚಿಗುರಿ ಗಡ್ಡೆ ಬಿರಿಯುತ್ತದೆ. ಕೀಳುವ 10ರಿಂದ 15 ದಿನ ಮೊದಲು ನೀರು ನಿಲ್ಲಿಸಬೇಕು.

ದರ ಏರಿದ ವರ್ಷ ದಪ್ಪ ಗಡ್ಡೆಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಕಷ್ಟವೆಂದು ಬಲ್ಲೆ. ಹಾಗಾಗಿ ಇಡೀ ಹೊಲಕ್ಕೆ ಬೇಕಾದಷ್ಟನ್ನು ಎತ್ತಿಡಿ ಎಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಎರಡು ಗುಂಟೆಗೆ ಸಾಲುವ ಹದಿನೈದಿಪ್ಪತ್ತು ಕಿಲೋ ಎತ್ತಿಟ್ಟು, ಆ ಎರಡು ಗುಂಟೆಯ ಬೆಳೆಯನ್ನು ಮರುವರ್ಷದ ಬೀಜಕ್ಕೆಂದೇ ಮೀಸಲಿಟ್ಟರೆ ಸಾಕು.