ರಿಪೋರ್ಟ್ ಜೊತೆ ಬ್ಲಾಕನ್ನೂ ಕೇಳಿ

ನಮ್ಮ ಲ್ಯಾಬಿಗೆ ಬಯಾಪ್ಸಿ ರಿಪೋರ್ಟ್ ಒಯ್ಯಲು ಬಂದವರಲ್ಲಿ, ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಕೇಳುವವರು ತೀರಾ ಕಡಿಮೆ. ನಾವಾಗಿಯೇ ಕೊಡಲು ಹೋದರೆ, "ಇದನ್ನೇನು ಮಾಡೋದು ಸಾರ್, ರಿಪೋರ್ಟ್ ಸಿಕ್ಕಿತಲ್ಲ" ಅನ್ನುತ್ತಾರೆ. ನೋಡಲು ಅದರಲ್ಲೇನೂ ಇಲ್ಲ ನಿಜ. ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಅಕ್ಕಿ ನುಚ್ಚಿನಷ್ಟು ಕಂದು ಚೂರು. ಹೊಟ್ಟೆಯಿಂದಲೋ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿಯಾದ ಪ್ರಾಸ್ಟೇಟ್‌ನಿಂದಲೋ ತೆಗೆದದ್ದು.

ಶಿವಮೊಗ್ಗದಲ್ಲಿ ಕೂತು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತೇನೆ. ಆದರೆ ಅದಕ್ಕೆ ಯಾವ ಔಷಧಿ ಹತ್ತುತ್ತದೆ ಅನ್ನೋದು ಆಕಾರ ನೋಡಿ ಗೊತ್ತಾಗುವುದಿಲ್ಲ. ಆ ಚೂರಿನೊಳಗಿನ ಪ್ರೋಟೀನ್, ಡಿಎನ್‌ಎ ಪರೀಕ್ಷಿಸಬೇಕು. ಮಣಿಪಾಲಕ್ಕೆ ಹೋಗಿ, ಬೆಂಗಳೂರಿನ ಕಿದ್ವಾಯಿಗೆ ಹೋಗಿ, ಅಲ್ಲಿಯ ಡಾಕ್ಟರ್ ಮೊದಲು ಕೇಳುವುದು ಬ್ಲಾಕನ್ನೇ. ಅದಿಲ್ಲದಿದ್ದರೆ ಮತ್ತೆ ಎಂಡೋಸ್ಕೋಪಿ, ಮತ್ತೆ ಸೂಜಿ.

ಹೊಟ್ಟೆಯಿಂದ ಶುರುಮಾಡೋಣ. ಮಲೆನಾಡಿನಲ್ಲಿ ಕ್ಯಾನ್ಸರ್ ಅಂದ ಕೂಡಲೇ ಮಾತು ಅಡಿಕೆಗೆ ಹೋಗುತ್ತದೆ. ಬಾಯಿ ಕ್ಯಾನ್ಸರ್‌ಗೆ ಅದು ಸರಿ. ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಮೊದಲ ಆರೋಪಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಹೊಟ್ಟೆಯ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲ್ಲ ಅಂತ ಆಗ ಎಲ್ಲರೂ ನಂಬಿದ್ದರು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟು ಹೊತ್ತಿಗಾಗಲೇ, 1994ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿತ್ತು.

ಇದು ಮಾಡುವ ಕೆಲಸ ವಿಚಿತ್ರ. ಕೆಲವು ತಳಿಗಳು ಕ್ಯಾಗ್-ಎ ಎಂಬ ಪ್ರೋಟೀನನ್ನು ನೇರ ನಮ್ಮ ಜೀವಕೋಶದೊಳಕ್ಕೇ ಚುಚ್ಚುತ್ತವೆ. ಕೋಶದ ಒಳಗಿನ ಸಂದೇಶಗಳೇ ಏರುಪೇರಾಗುತ್ತವೆ. ಜೊತೆಗೆ ವರ್ಷಗಟ್ಟಲೆ ಉರಿಯೂತ. ಹೊಟ್ಟೆಯ ಒಳಪದರ ಸವೆಯುತ್ತದೆ, ಆಮೇಲೆ ಕರುಳಿನ ಪದರದ ಹಾಗೆ ಬದಲಾಗುತ್ತದೆ, ಆಮೇಲೆ ಕೆಲವರಲ್ಲಿ ಕ್ಯಾನ್ಸರ್. ಸೋಂಕು ಇದ್ದವರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಮಾತ್ರ ಹೀಗಾಗುವುದು. ಉಪ್ಪು ಜಾಸ್ತಿಯಾದರೆ, ಬೀಡಿ ಸಿಗರೇಟು ಸೇರಿದರೆ ಅಪಾಯ ಏರುತ್ತದೆ. ಊಟಕ್ಕೊಂದು ಮಿಡಿ ಉಪ್ಪಿನಕಾಯಿ ಕಚ್ಚುವವರನ್ನು ಹೆದರಿಸುವ ಉದ್ದೇಶ ನನಗಿಲ್ಲ. ನನ್ನ ತಕರಾರು ಗ್ಯಾಸ್ಟ್ರಿಕ್ ಮಾತ್ರೆಯ ಮೇಲೆ. ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾದರೆ, ರಕ್ತ ಕಡಿಮೆ ಆಗಿದ್ದರೆ, ಊಟ ಗಂಟಲಲ್ಲಿ ಇಳಿಯದಿದ್ದರೆ ಮಾತ್ರೆಯಲ್ಲೇ ದಿನ ದೂಡಬೇಡಿ, ಎಂಡೋಸ್ಕೋಪಿ ಮಾಡಿಸಿ. ಆ ಮಾತ್ರೆ ನುಂಗುತ್ತಾ ಪೈಲೋರಿ ಪರೀಕ್ಷೆ ಮಾಡಿಸಿದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು.

2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ ಹೊಟ್ಟೆಯ ಕ್ಯಾನ್ಸರನ್ನು ಅಣುಮಟ್ಟದಲ್ಲಿ ನಾಲ್ಕು ಗುಂಪು ಮಾಡಿತು. ನಾಲ್ಕನ್ನೂ ವಿವರಿಸುತ್ತಾ ಕೂರುವುದಿಲ್ಲ. ರೋಗಿಗೆ ಕೆಲಸಕ್ಕೆ ಬರುವ ಎರಡು ಪ್ರಶ್ನೆ ಮಾತ್ರ ಹೇಳುತ್ತೇನೆ. ಮೊದಲನೆಯದು, ಹರ್-2 ಪ್ರೋಟೀನ್ ಕೋಶದ ಮೇಲೆ ಅತಿಯಾಗಿ ಇದೆಯಾ? ಇದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧಿ ಕೊಡಬಹುದು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹರಡಿದ ರೋಗದವರಲ್ಲಿ ಅರ್ಧದಷ್ಟು ಜನ ದಾಟಿದ ಆಯುಷ್ಯ ಕೀಮೋ ಒಂದರಲ್ಲೇ 11.1 ತಿಂಗಳಿದ್ದದ್ದು, ಇದು ಸೇರಿದಾಗ 13.8 ತಿಂಗಳಾಯಿತು. ಪವಾಡ ಅಲ್ಲ. ಆದರೆ ಮಗಳ ಮದುವೆ ಹತ್ತಿರ ಇರುವ ಮನೆಯಲ್ಲಿ ಆ ಲೆಕ್ಕ ಬೇರೆ. ಎರಡನೆಯದು, ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ತಿದ್ದುವ ನಾಲ್ಕು ಪ್ರೋಟೀನ್‌ಗಳಲ್ಲಿ ಯಾವುದಾದರೂ ಕಾಣೆಯಾಗಿದೆಯಾ? ಕಾಣೆಯಾಗಿದ್ದರೆ ಕ್ಯಾನ್ಸರ್ ಕೋಶದಲ್ಲಿ ತಪ್ಪುಗಳು ರಾಶಿ ಬಿದ್ದಿರುತ್ತವೆ, ದೇಹದ ರಕ್ಷಣಾ ಕೋಶಗಳು ಅದನ್ನು ಸುಲಭವಾಗಿ ಗುರುತಿಸುತ್ತವೆ. ಇಂಥವರಿಗೆ ಆ ರಕ್ಷಣಾ ಕೋಶಗಳನ್ನು ಎಬ್ಬಿಸುವ ಇಮ್ಯುನೋಥೆರಪಿ ಚೆನ್ನಾಗಿ ಹತ್ತುವ ಸಾಧ್ಯತೆ ಹೆಚ್ಚು.

ಹರ್-2ರಲ್ಲಿ ಒಂದು ಕಷ್ಟ ಇದೆ. ಪರೀಕ್ಷೆ ಮಾಡಿದಾಗ ಅದೇ ಗಡ್ಡೆಯ ಒಂದು ಮೂಲೆಯಲ್ಲಿ ಹರ್-2 ತೋರಿಸುವ ಗಾಢ ಕಂದು ಬಣ್ಣ ಬರುತ್ತದೆ, ಪಕ್ಕದಲ್ಲೇ ಏನೂ ಇಲ್ಲ. ಅದಕ್ಕೇ ಎಂಡೋಸ್ಕೋಪಿಯಲ್ಲಿ ಆರರಿಂದ ಎಂಟು ಚೂರು ತೆಗೆಯಿರಿ ಅಂತ ನಾವು ಗೋಗರೆಯುವುದು. ಎರಡೇ ಚೂರು ಬಂದರೆ ಕ್ಯಾನ್ಸರ್ ಅಂತ ಬರೆಯಬಹುದು. ಹರ್-2 ಇಲ್ಲ ಅಂತ ಧೈರ್ಯವಾಗಿ ಬರೆಯಲಾಗದು.

ಪ್ರಾಸ್ಟೇಟ್‌ನ ಕಥೆ ಬೇರೆ. ಇಲ್ಲಿ ಎಲ್ಲದರ ನಡುವೆ ಇರುವುದು ಗಂಡಸಿನ ಹಾರ್ಮೋನು. ಟೆಸ್ಟೋಸ್ಟೆರೋನ್ ಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಅದರ ಜೊತೆ ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹಾರ್ಮೋನು ನಿಲ್ಲಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲೇ ತೋರಿಸಿದರು. ಆದರೆ ಕೆಲವು ವರ್ಷಗಳಲ್ಲಿ ರೋಗ ಮತ್ತೆ ತಲೆ ಎತ್ತುತ್ತದೆ. ಗ್ರಾಹಕದ ಜೀನ್ ಪ್ರತಿಗಳು ಹೆಚ್ಚಾಗಿರುತ್ತವೆ, ಇಲ್ಲವೇ ಹಾರ್ಮೋನು ಇಲ್ಲದೆಯೂ ಕೆಲಸ ಮಾಡುವ ಮೊಟಕು ಗ್ರಾಹಕ ಹುಟ್ಟಿಕೊಂಡಿರುತ್ತದೆ.

2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಲ್ ಚಿನ್ನಯ್ಯನ್ ಅವರ ತಂಡ ಇನ್ನೊಂದು ಸಂಗತಿ ಪತ್ತೆ ಮಾಡಿತು. 21ನೇ ಕ್ರೋಮೋಸೋಮಿನ ಎರಡು ಜೀನ್‌ಗಳು ಮುರಿದು ಒಂದಕ್ಕೊಂದು ಕೂಡಿಕೊಂಡಿದ್ದವು. ಒಂದು ಹಾರ್ಮೋನಿಗೆ ಓಗೊಡುವ ಟಿಎಂಪಿಆರ್‌ಎಸ್‌ಎಸ್2, ಇನ್ನೊಂದು ಕೋಶ ಬೆಳೆಸುವ ಇಆರ್‌ಜಿ. ಹೀಗೆ ಹಾರ್ಮೋನು ಬಂದಾಗಲೆಲ್ಲ ಬೆಳವಣಿಗೆಯ ಜೀನ್ ಚಾಲೂ. ಆ ಮೊದಲನೆಯ ಜೀನ್ ತಯಾರಿಸುವ ಪ್ರೋಟೀನನ್ನೇ ಕೊರೊನಾ ವೈರಸ್ಸೂ ನಮ್ಮ ಕೋಶದೊಳಗೆ ಹೋಗಲು ಬಳಸಿಕೊಂಡದ್ದು. ಇರಲಿ.

ನನಗೆ ಮುಖ್ಯ ಅನ್ನಿಸುವುದು ಬಿಆರ್‌ಸಿಎ2. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಸರಿಪಡಿಸುವ ಜೀನ್ ಇದು. ಇದು ಕೆಟ್ಟಿರುವ ಕ್ಯಾನ್ಸರ್ ಕೋಶಕ್ಕೆ ರಿಪೇರಿಯ ಇನ್ನೊಂದು ದಾರಿಯನ್ನೂ ಔಷಧಿಯಿಂದ ಮುಚ್ಚಿದರೆ ಅದು ಸಾಯುತ್ತದೆ. ಆ ಔಷಧಿ ಒಲಾಪರಿಬ್, ಅಮೆರಿಕದಲ್ಲಿ 2020ರಲ್ಲಿ ಪ್ರಾಸ್ಟೇಟ್‌ಗೆ ಒಪ್ಪಿಗೆ ಸಿಕ್ಕಿತು. ತೀರ್ಥಹಳ್ಳಿ ಕಡೆಯ ಅಣ್ಣ ತಂಗಿ ತಂದೆಯ ಬ್ಲಾಕ್ ಪರೀಕ್ಷೆಯ ರಿಪೋರ್ಟ್ ಹಿಡಿದು ಬಂದಿದ್ದರು. ಬಿಆರ್‌ಸಿಎ2 ದೋಷ ಅಂತ ಇತ್ತು. ತಂದೆಯ ರಕ್ತವನ್ನೂ ಪರೀಕ್ಷಿಸಬೇಕು, ಅದರಲ್ಲೂ ಇದ್ದರೆ ನೀವಿಬ್ಬರೂ ಮಾಡಿಸಿಕೊಳ್ಳಿ ಅಂದೆ. ತಂಗಿ ಕೇಳಿದಳು: "ಅಪ್ಪಯ್ಯಂದು ಗಂಡಸರ ಕಾಯಿಲೆ ಅಲ್ವಾ ಡಾಕ್ಟ್ರೇ, ನಂಗ್ಯಾಕೆ?" ಹುಟ್ಟಿನಿಂದ ಬಂದ ದೋಷವಾದರೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣುಮಕ್ಕಳಲ್ಲಿ ಅದು ಸ್ತನ, ಅಂಡಾಶಯದ ಕ್ಯಾನ್ಸರಾಗಿ ಬರಬಹುದು. ಅಣ್ಣನಿಗಿಂತ ಆಕೆಗೇ ಆ ಪರೀಕ್ಷೆ ಹೆಚ್ಚು ಬೇಕಿತ್ತು.

ಪಿಎಸ್‌ಎ ಬಗ್ಗೆ, ಅಂದರೆ ರಕ್ತದಲ್ಲಿ ಅಳೆಯುವ ಪ್ರಾಸ್ಟೇಟ್ ಪ್ರೋಟೀನಿನ ಬಗ್ಗೆ, ಒಂದೇ ಮಾತು. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ನುಂಗುತ್ತಿರುವವರಲ್ಲಿ ಆರೇಳು ತಿಂಗಳಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. 3 ಅಂತ ಬಂದರೆ ಅದನ್ನು 6 ಅಂತ ಓದಬೇಕು. ಯಾವ ಮಾತ್ರೆ ನಡೆಯುತ್ತಿದೆ ಅಂತ ರಕ್ತ ಕೊಡುವಾಗಲೇ ಹೇಳಿ.

ಇನ್ನು ಬ್ಲಾಕ್ ಕೆಡುವ ಬಗೆ. ಚೂರು ತೆಗೆದ ತಕ್ಷಣ ಅದನ್ನು ಶೇಕಡಾ 10ರ ಬಫರ್ ಮಾಡಿದ (ಆಮ್ಲ ಏರದಂತೆ ಹದಗೊಳಿಸಿದ) ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು, ಚೂರಿನ ಹತ್ತು ಪಟ್ಟು ದ್ರವ ಇರಬೇಕು. ಕನಿಷ್ಠ 6 ಗಂಟೆ, ಹೆಚ್ಚೆಂದರೆ 72. ಒಮ್ಮೆ ಒಂದು ಕಡೆಯಿಂದ ಬಾಟಲಿಯಲ್ಲಿ ಬರೀ ಸಲೈನ್ ಹಾಕಿ ಕಳಿಸಿದ್ದರು. ನನ್ನ ಮೇಜಿಗೆ ಬರುವಷ್ಟರಲ್ಲಿ ಕೋಶಗಳು ಕರಗಿಹೋಗಿದ್ದವು, ರೋಗಿ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ಮೂಳೆಯ ಚೂರನ್ನು ಮೆತ್ತಗಾಗಿಸಲು ಬಲವಾದ ಆಮ್ಲ ಹಾಕಿದರೂ ಡಿಎನ್‌ಎ ಹಾಳಾಗುತ್ತದೆ. ಡಿಎನ್‌ಎ ಪರೀಕ್ಷೆ ಬೇಕಾಗಬಹುದು ಅಂತ ಚೀಟಿಯಲ್ಲಿ ಬರೆದಿದ್ದರೆ ಆಮ್ಲದ ಬದಲು ನಾವು ಇಡಿಟಿಎ ಎಂಬ ರಾಸಾಯನಿಕ ಬಳಸುತ್ತೇವೆ. ನಿಧಾನ, ಆದರೆ ಕೆಡಿಸುವುದಿಲ್ಲ.

ಪ್ರತಿ ಪರೀಕ್ಷೆಗೂ ಬ್ಲಾಕಿನಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕೊಯ್ಯುತ್ತೇವೆ. ಸಣ್ಣ ಚೂರು ಬೇಗ ಮುಗಿದುಹೋಗುತ್ತದೆ. ಹಾಗಾಗಿ ಊರಿಗೊಂದು ಲ್ಯಾಬಿನಲ್ಲಿ ಅದದೇ ಪರೀಕ್ಷೆ ಮಾಡಿಸಬೇಡಿ. ಬ್ಲಾಕನ್ನು ಬೇರೆ ಕಡೆ ಕೊಡುವಾಗ ರಶೀದಿ ಪಡೆಯಿರಿ, ಕೆಲಸ ಮುಗಿದ ಮೇಲೆ ವಾಪಸ್ ಕೇಳಿ. ಮೇಣ ಸುಮಾರು 60 ಡಿಗ್ರಿಗೆ ಕರಗುತ್ತದೆ. ಆಗುಂಬೆಯ ಮಳೆಯಿಂದ ಅದಕ್ಕೇನೂ ಆಗದು, ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬ್ಲಾಕಿನ ಅಂಚಿನಲ್ಲಿ ಇರುವ ನಂಬರ್ ರಿಪೋರ್ಟಿನ ನಂಬರಿಗೆ ತಾಳೆ ಆಗುತ್ತದಾ ಅಂತ ಕೌಂಟರಿನಲ್ಲೇ ನೋಡಿ, ಆಮೇಲೆ ಬಸ್ ಹತ್ತಿ.