ಬಡಗಿಯ ಕಿರ್ದಿ ಪುಸ್ತಕ

‘ಎಷ್ಟು ಚದರದ ಮನೆ?’ ಬೆಂಗಳೂರಿನಲ್ಲಿ ಮನೆ ಕಟ್ಟಿಸಲು ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಒಂದು ಚದರ ಅಂದರೆ 100 ಚದರ ಅಡಿ. ಇದು ಇಂಗ್ಲಿಷ್ ಬಡಗಿಗಳ ಅಳತೆ. 18ನೇ ಶತಮಾನದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಡಗಿಗಳೂ ಹಲಗೆ ನೆಲ, ಛಾವಣಿಗಳನ್ನು ಇದೇ ಲೆಕ್ಕದಲ್ಲಿ ಅಳೆಯುತ್ತಿದ್ದರು. ಕಟ್ಟಡದ ಬಿಲ್ ಬರೆಯುವುದೇ ನನ್ನ ಕಸುಬು. ಹಾಗಾಗಿ ಅವರ ಲೆಕ್ಕದ ಪುಸ್ತಕಗಳೆಂದರೆ ನನಗೆ ವಿಪರೀತ ಪ್ರೀತಿ.

ಥಾಮಸ್ ನೆವೆಲ್ ಅವರಲ್ಲೊಬ್ಬ. 1721ರಲ್ಲಿ ಹುಟ್ಟಿದವನು. ಎಡ್ಮಂಡ್ ವೂಲಿ ಎಂಬ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾದ, ಇಂದು ಇಂಡಿಪೆಂಡೆನ್ಸ್ ಹಾಲ್ ಎನ್ನುವ ಕಟ್ಟಡವನ್ನು ಕಟ್ಟಿದವನು ಈ ವೂಲಿಯೇ. 1760ರ ದಶಕದ ಮೊದಲ ವರ್ಷಗಳಲ್ಲಿ ನೆವೆಲ್, ಕ್ಯಾಪ್ಟನ್ ಜಾನ್ ಮ್ಯಾಕ್‌ಫರ್ಸನ್ ಎಂಬ ಹಡಗಿನ ನಾಯಕನಿಗೆ ಸ್ಕೂಕಿಲ್ ನದಿಯ ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿದ. ಅದರ ಹೆಸರು ಮೌಂಟ್ ಪ್ಲೆಸೆಂಟ್. ಗೋಡೆ ಕಾಡುಕಲ್ಲಿನದು. ಅದರ ಮೇಲೆ ಗಾರೆ ಬಳಿದು, ಗೆರೆ ಎಳೆದು, ಕೆತ್ತಿದ ಕಲ್ಲಿನಂತೆ ಕಾಣಿಸಿದ್ದಾರೆ. ಮೂಲೆಗಳಲ್ಲಿ ಕೆಂಪು ಇಟ್ಟಿಗೆ. 1775ರಲ್ಲಿ ಅಲ್ಲಿ ಊಟ ಮಾಡಿದ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್, ಪೆನ್ಸಿಲ್ವೇನಿಯಾದಲ್ಲೇ ಇಷ್ಟು ಸೊಗಸಾದ ಮನೆ ಇಲ್ಲ ಎಂದು ಬರೆದಿಟ್ಟರು. ಮನೆ ಇಂದಿಗೂ ಇದೆ.

ಆದರೆ ಕಟ್ಟಿದವನು ಯಾರು ಎಂದು ಹೇಳುವುದು ಗೋಡೆಯಲ್ಲ, ನೆವೆಲ್‌ನ ಕಿರ್ದಿ. 1762ರಿಂದ ಬರೆದ ಆ ಪುಸ್ತಕ ಅದೃಷ್ಟಕ್ಕೆ ಉಳಿದುಕೊಂಡಿದೆ. ಕಿರ್ದಿ ಅಂದರೆ ಗೊತ್ತಲ್ವಾ? ಆಯಾ ದಿನದ ವ್ಯವಹಾರವನ್ನು ಅಂದೇ ಬರೆಯುವುದು. ಆಮೇಲೆ ಅದನ್ನು ಒಬ್ಬೊಬ್ಬರ ಖಾತೆಗೆ ಇಳಿಸುವುದು. ಆಗ ಕೈಯಲ್ಲಿ ನಾಣ್ಯ ಕಡಿಮೆ, ಸಾಲದ ಬಾಬ್ತು ಜಾಸ್ತಿ. ಪೌಂಡು, ಶಿಲ್ಲಿಂಗು, ಪೆನ್ಸುಗಳಲ್ಲಿ ಬರೆದ ಲೆಕ್ಕ ತಿಂಗಳುಗಟ್ಟಲೆ ಚುಕ್ತಾ ಆಗುತ್ತಿರಲಿಲ್ಲ. ಪುಸ್ತಕ ಸರಿಯಿಲ್ಲದಿದ್ದರೆ ಬಡಗಿ ಕೆಟ್ಟ.

ಅದಕ್ಕೆ ಇನ್ನೊಂದು ಕಾರಣ, ಆ ಊರಿನ ಪದ್ಧತಿ. ಎಷ್ಟೋ ಮನೆಗಳ ಕೆಲಸಕ್ಕೆ ಮೊದಲೇ ಒಟ್ಟು ಬೆಲೆ ಕಟ್ಟುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅನುಭವಸ್ಥ ಬಡಗಿಗಳು ಬಂದು ಪ್ರತಿ ಕಿಟಕಿ, ಬಾಗಿಲು, ಮೆಟ್ಟಿಲನ್ನು ಅಳೆದು ಬೆಲೆ ಹಾಕುತ್ತಿದ್ದರು. ಸೂರಂಚಿನ ಅಲಂಕಾರ ಪಟ್ಟಿಗೆ ಅಡಿ ಲೆಕ್ಕ, ನಾವು ಇವತ್ತು ರನ್ನಿಂಗ್ ಫೀಟ್ ಅನ್ನುತ್ತೇವಲ್ಲ, ಹಾಗೆ. ದರಗಳನ್ನು ನಿಗದಿ ಮಾಡುತ್ತಿದ್ದುದು 1724ರಲ್ಲಿ ಶುರುವಾದ ಕಾರ್ಪೆಂಟರ್ಸ್ ಕಂಪನಿ, ಅಂದರೆ ಬಡಗಿಗಳ ಸಂಘ. 1774ರಲ್ಲಿ ಅಮೆರಿಕದ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ಅಲ್ಲಿನ ಬ್ರಿಟಿಷ್ ವಸಾಹತುಗಳ ಪ್ರತಿನಿಧಿಗಳ ಸಭೆ, ಸೇರಿದ್ದು ಇವರ ಹಾಲ್‌ನಲ್ಲೇ. 1786ರಲ್ಲಿ ದರಗಳ ಪುಸ್ತಕವನ್ನು ಅಚ್ಚು ಹಾಕಿಸಿದರು. ಆದರೆ ಅದು ಸದಸ್ಯರಿಗೆ ಮಾತ್ರ. ಹೊರಗಿನವರಿಗೆ ತೋರಿಸಿದರೆ ಸಂಘದಿಂದ ಹೊರಕ್ಕೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಕೇಳಿದಾಗಲೂ ಕೊಡಲಿಲ್ಲ. ನನಗೆ ಅದು ತಪ್ಪು ಅನ್ನಿಸುತ್ತದೆ. ಹಣ ಕೊಡುವವನಿಗೆ ದರ ಗೊತ್ತಿರಬೇಕು.

ಆದರೆ ಎಲ್ಲವನ್ನೂ ಅಳೆದು ಬರೆಯುವ ಅವರ ಶಿಸ್ತಿಗೆ ನಾನು ಕೈ ಮುಗಿಯುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯ ಪಾಯದ ಅಳತೆ ತೆಗೆಯುವ ಮೊದಲೇ ಮಣ್ಣು ಮುಚ್ಚಿಸಿದರು. ಮೇಸ್ತ್ರಿ ಒಂದು ಆಳ ಹೇಳಿದ, ಮಾಲೀಕರು ಇನ್ನೊಂದು. ಕಾಗದದಲ್ಲಿ ಏನೂ ಇರಲಿಲ್ಲ. ಮೇಸ್ತ್ರಿಯ ಅರ್ಧ ಕೂಲಿ ಖೋತಾ ಆಯಿತು. ಆ ಮುಖ ಇನ್ನೂ ನೆನಪಿದೆ.

ತಮ್ಮದೇ ಖಾತೆ ತೆರೆಯಲು ಆಗದ ಬಡಗಿಗಳೂ ಆಗಿನ ಅಮೆರಿಕದಲ್ಲಿದ್ದರು. ಜಾನ್ ಹೆಮ್ಮಿಂಗ್ಸ್ ವರ್ಜೀನಿಯಾದಲ್ಲಿ ಜೆಫರ್ಸನ್ ಅವರ ಗುಲಾಮ. ಮರಗೆಲಸದಲ್ಲಿ ದೊಡ್ಡ ಕೈ. ಜೆಫರ್ಸನ್ ಅವರ ಇನ್ನೊಂದು ಮನೆ ಪಾಪ್ಲರ್ ಫಾರೆಸ್ಟ್‌ನಲ್ಲಿ ಕೆಲಸ ಮಾಡುವಾಗ, ಛಾವಣಿ ಎಲ್ಲಿಗೆ ಬಂತು ಎಂದು ಒಡೆಯನಿಗೆ ಪತ್ರ ಬರೆಯುತ್ತಿದ್ದ. ಅವುಗಳಲ್ಲಿ ಕೆಲವು ಉಳಿದಿವೆ. 1826ರಲ್ಲಿ ಜೆಫರ್ಸನ್ ತೀರಿಕೊಂಡರು. ಅವರ ಉಯಿಲು ಹೆಮ್ಮಿಂಗ್ಸ್‌ಗೆ ಬಿಡುಗಡೆ ಕೊಟ್ಟಿತು. ಅದರ ಜೊತೆಗೆ, ಅಷ್ಟು ವರ್ಷ ಅವನೇ ಹಿಡಿದು ದುಡಿದ ಹತಾರಗಳನ್ನೂ ಕೊಟ್ಟಿತು.