ವೈಫೈ ಇದ್ದ ಮಾತ್ರಕ್ಕೆ ಕ್ಲೌಡ್ ಪ್ರಿಂಟರ್ ಆಗಲ್ಲ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆಯ ಆಫೀಸುಗಳ ಪ್ರಿಂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ: "ಸಾರ್, ನಮ್ಮದು ವೈಫೈ ಪ್ರಿಂಟರ್. ಕ್ಲೌಡ್ ಪ್ರಿಂಟ್ ಆಗ್ತದೆ ಅಲ್ವಾ?"

ಆಗಬಹುದು, ಆಗದೆಯೂ ಇರಬಹುದು. ಕ್ಲೌಡ್ ಪ್ರಿಂಟ್ ಅಂದರೆ ಬೇರೆ ಎಲ್ಲಿಂದಲೋ ಇಂಟರ್ನೆಟ್ ಮೂಲಕ ಕಳಿಸಿದ್ದು ನಮ್ಮ ಪ್ರಿಂಟರ್‌ನಲ್ಲಿ ಬರುವುದು. ವೈಫೈ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಬರೀ ಕೇಬಲ್ ಹಾಕಿದ ಪ್ರಿಂಟರ್ ಕೂಡ ಕ್ಲೌಡ್‌ಗೆ ಸೇರಬಹುದು.

ರೊಬಸ್ಟಾ ಕೊಯ್ಲಿನ ಹೊತ್ತಿಗೆ ಸಿದ್ದಾಪುರದ ಹತ್ತಿರದ ಒಂದು ತೋಟಕ್ಕೆ ಹೋಗಿದ್ದೆ. ಲೆಕ್ಕಪತ್ರ ನೋಡುವ ಮಗಳು ಇರುವುದು ಬೆಂಗಳೂರಿನಲ್ಲಿ. ವಾರದ ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪಟ್ಟಿ) ಅಲ್ಲಿಂದ ಕಳಿಸಿದರೆ ತೋಟದ ಆಫೀಸಿನಲ್ಲಿ ಪ್ರಿಂಟ್ ಆಗಬೇಕು. ಹುತ್ತರಿಗೆ ಮನೆಗೆ ಬಂದಾಗ ಅವರ ಫೋನಿನಿಂದ ಚೆನ್ನಾಗಿ ಬಂದಿತ್ತಂತೆ. ಬೆಂಗಳೂರಿಗೆ ಹೋದ ಮೇಲೆ ಫೋನಿನಲ್ಲಿ ಪ್ರಿಂಟರ್ ಹೆಸರೇ ಕಾಣುತ್ತಿಲ್ಲ. ಅಪ್ಪ ಅಷ್ಟರಲ್ಲಿ ಹೊಸ ರೂಟರ್ ತಂದಾಗಿತ್ತು, ಇನ್ನೊಂದು ಪ್ರಿಂಟರ್ ತರಲು ಹೊರಟಿದ್ದರು. ನನಗೆ ಬೇಜಾರಾಗುವುದು ಇದಕ್ಕೇ. ದುಡ್ಡು ಸುಮ್ನೆ ಹೋಗುತ್ತದೆ.

ಫೋನಿನಿಂದ ಪ್ರಿಂಟ್ ಕೊಡಲು ಐಫೋನಿನ ಏರ್‌ಪ್ರಿಂಟ್ ಇರಲಿ, ಆಂಡ್ರಾಯ್ಡ್ ಫೋನುಗಳ ಮೋಪ್ರಿಯಾ ಇರಲಿ, ಸಾಮಾನ್ಯವಾಗಿ ಫೋನು ಪ್ರಿಂಟರನ್ನು ಹುಡುಕುವುದು ತಾನಿರುವ ನೆಟ್‌ವರ್ಕ್ ಒಳಗೆ ಮಾತ್ರ. ಅಲ್ಲಿ ಕ್ಲೌಡ್ ಇಲ್ಲವೇ ಇಲ್ಲ, ಇಂಟರ್ನೆಟ್ ಕಿತ್ತು ಹಾಕಿದರೂ ಪ್ರಿಂಟ್ ಬರುತ್ತದೆ. ನೇರ ಕ್ಲೌಡ್ ಪ್ರಿಂಟಿಂಗ್ ಅಂದರೆ ನಡುವೆ ಯಾವ ಕಂಪ್ಯೂಟರ್ ಇಲ್ಲದೆ ಪ್ರಿಂಟರೇ ಇಂಟರ್ನೆಟ್‌ಗೆ ಹೋಗಿ ತನಗೆ ಬಂದ ಕೆಲಸ ಎತ್ತಿಕೊಂಡು ಬರುವುದು. ಈಗಾಗಲೇ ಹಾಕಿಸಿಕೊಂಡಿದ್ದೀರಾ? ಹಾಗಾದರೆ ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ಆಫ್ ಮಾಡಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಒಂದು ಹಾಳೆ ಕಳಿಸಿ. ಬಂದರೆ ನೇರ ಕ್ಲೌಡ್. ಕಂಪ್ಯೂಟರ್ ಆನ್ ಮಾಡಿದ ಮೇಲಷ್ಟೇ ಬಂದರೆ, ಕ್ಲೌಡ್‌ಗೆ ಹೋಗುತ್ತಿರುವುದು ಕಂಪ್ಯೂಟರ್, ಪ್ರಿಂಟರ್ ಅಲ್ಲ. ಮೈಕ್ರೋಸಾಫ್ಟ್‌ನ ಕ್ಲೌಡ್ ಪ್ರಿಂಟ್ ಸೇವೆಯಾದ ಯೂನಿವರ್ಸಲ್ ಪ್ರಿಂಟ್‌ನಲ್ಲೂ ಈ ಎರಡೂ ದಾರಿ ಇವೆ. ಕೆಲವು ಪ್ರಿಂಟರ್ ನೇರವಾಗಿ ಸೇರುತ್ತವೆ. ಉಳಿದವಕ್ಕೆ ಒಂದು ವಿಂಡೋಸ್ ಕಂಪ್ಯೂಟರ್‌ನಲ್ಲಿ ಕನೆಕ್ಟರ್ ಅನ್ನುವ ಸಾಫ್ಟ್‌ವೇರ್ ಹಾಕಿ ಅದನ್ನು ಸದಾ ಆನ್ ಇಡಬೇಕು. ನಮ್ಮ ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಮುಗಿದು, ಆ ಕಂಪ್ಯೂಟರ್ ಮಲಗಿದರೆ ಪ್ರಿಂಟ್ ಇಲ್ಲ. ಬೈಗುಳ ಮಾತ್ರ ಪ್ರಿಂಟರ್‌ಗೆ.

ಹೊಸದು ಕೊಳ್ಳುವ ಮೊದಲು ಇರುವ ಪ್ರಿಂಟರ್‌ನ ಪೂರ್ತಿ ಮಾಡೆಲ್ ನಂಬರ್ ನೋಡಿ. ಮುಂದೆ ದೊಡ್ಡದಾಗಿ ಬರೆದದ್ದು ಎಷ್ಟೋ ಸಲ ಬರೀ ಸರಣಿಯ ಹೆಸರು. ಹಿಂಬದಿಯ ಚೀಟಿಯಲ್ಲಿ ಪೂರ್ತಿ ಇರುತ್ತದೆ. ಆ ತೋಟದ ಆಫೀಸಿನಲ್ಲಿ ಧೂಳು ಒರೆಸಿ, ಟಾರ್ಚ್ ಬಿಟ್ಟು ಓದಬೇಕಾಯಿತು. ಕೊನೆಯಲ್ಲಿ 'ಡಿ' ಇದ್ದರೆ ಎರಡೂ ಬದಿ ಪ್ರಿಂಟ್, 'ಎನ್' ಇದ್ದರೆ ನೆಟ್‌ವರ್ಕ್ ಕೇಬಲ್, 'ಡಬ್ಲ್ಯು' ಇದ್ದರೆ ವೈಫೈ. ಹಲವು ಕಂಪನಿಗಳಲ್ಲಿ ಹೀಗೆ. ಈ ಮೂರರಲ್ಲಿ ಯಾವುದೂ ಕ್ಲೌಡ್ ಅಲ್ಲ. ಆಮೇಲೆ ಪ್ರಿಂಟರ್‌ನ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) ಬ್ರೌಸರ್‌ನಲ್ಲಿ ಹಾಕಿ, ಅದರ ಸ್ವಂತ ಪುಟದಲ್ಲಿ ಯೂನಿವರ್ಸಲ್ ಪ್ರಿಂಟ್, ಇಮೇಲ್ ಪ್ರಿಂಟ್ ಅಥವಾ ವೆಬ್ ಸರ್ವಿಸಸ್ ಅಂತ ಇದೆಯಾ ನೋಡಿ. ಮೆನು ಒಂದೊಂದರಲ್ಲಿ ಒಂದೊಂದು ಥರ. ಕೆಲವಕ್ಕೆ ಫರ್ಮ್‌ವೇರ್ (ಪ್ರಿಂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಬರುತ್ತದೆ, ಹಾಗಾಗಿ ಕಾಣದಿದ್ದ ತಕ್ಷಣ ಇಲ್ಲ ಅಂತ ತೀರ್ಮಾನ ಮಾಡಬೇಡಿ. 'ಕ್ಲೌಡ್' ಅಂತ ಬರೆದಿದ್ದರೂ ಅದು ಸ್ಕ್ಯಾನ್ ಮಾಡಿದ್ದನ್ನು ಡ್ರೈವ್‌ಗೆ ಕಳಿಸುವುದಷ್ಟೇ ಇರಬಹುದು. ಹಳೇ ಪ್ರಿಂಟರ್ ಮೇಲಿನ ಗೂಗಲ್ ಕ್ಲೌಡ್ ಪ್ರಿಂಟ್ ಸ್ಟಿಕ್ಕರ್ ನಂಬಲೇಬೇಡಿ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತಿದೆ.

ತೋಟದ ಪ್ರಿಂಟರ್‌ನಲ್ಲಿ ಯೂನಿವರ್ಸಲ್ ಪ್ರಿಂಟ್ ಇರಲಿಲ್ಲ, ಇಮೇಲ್ ಪ್ರಿಂಟ್ ಇತ್ತು. ಅದನ್ನು ಆನ್ ಮಾಡಿ, ಅಪ್ಪ ಮಗಳ ಇಮೇಲ್‌ಗೆ ಮಾತ್ರ ಅನುಮತಿ ಕೊಟ್ಟೆ. ಇದು ಮರೆಯಬಾರದು, ಇಲ್ಲದಿದ್ದರೆ ಪ್ರಿಂಟರ್‌ನ ಇಮೇಲ್ ಅಡ್ರೆಸ್ ಸಿಕ್ಕವರೆಲ್ಲ ನಿಮ್ಮ ಹಾಳೆ ಖಾಲಿ ಮಾಡಬಹುದು. ಕಂಪ್ಯೂಟರ್ ಆಫ್ ಮಾಡಿಸಿ ಮಗಳಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಗುರ್ ಅಂತು. ತೋಟದ ರೈಟರು (ಗುಮಾಸ್ತರು) ಬಿಸಿ ಹಾಳೆ ಎತ್ತಿ, ಹೆಸರುಗಳ ಮೇಲೆ ಬೆರಳಿಟ್ಟು ನೋಡಿ, ಮಡಚಿ ಜೇಬಿಗೆ ಹಾಕಿಕೊಂಡು ಹಣ್ಣು ತೂಗುವ ಕಡೆ ಹೋದರು.